ಕೊನೆಯ ಭಟ್ಟಿಯ ಸುಣ್ಣ

ನಾನು ಗದಗ ಬಸ್ ನಿಲ್ದಾಣ ತಲುಪಿದಾಗ ಬೆಳಗಿನ ಏಳು ಗಂಟೆ. ನನ್ನ ಅಪ್ಪ ಗೌಂಡಿ. ಕುರ್ತಕೋಟಿಯಲ್ಲಿ ಹಳೆಯ ಸಿಹಿನೀರಿನ ಬಾವಿಯೊಂದರ ಗೋಡೆ ದುರಸ್ತಿ ಮಾಡುತ್ತಿದ್ದ. ಹಿಂದೆ ಯಾರೋ ಸಿಮೆಂಟು ಮೆತ್ತಿದ್ದ ಸಂದುಗಳೆಲ್ಲ ಎರಡೇ ಮಳೆಗೆ ಬಿರಿದಿದ್ದವು. ಭಟ್ಟಿಯಲ್ಲಿ ಸುಟ್ಟ ಸುಣ್ಣವೇ ಬೇಕೆಂದು ಹಟ ಹಿಡಿದು, ಹುಡುಕಲು ನನ್ನನ್ನು ಕಳಿಸಿದ್ದ.

ಹೆಂಗಸರಿಗೆ ಬಸ್ಸು ಪುಕ್ಕಟೆ. ಶಿರಹಟ್ಟಿಯಲ್ಲಿ ಇಳಿದು ಚುರಮರಿ, ಮಿರ್ಚಿ ತಿಂದು ಅಂಗಡಿಯವನನ್ನು ಕೇಳಿದೆ.

"ಭಟ್ಟಿ ಎಲ್ಲಾ ಹೋದುವ್ರಿ ಅಕ್ಕಾರ. ಹಳ್ಳದ ದಂಡಿಗೆ ಗಂಗವ್ವಂದು ಒಂದ್ ಉಳದೈತಿ ನೋಡ್ರಿ."

ಟಂಟಂ ರಿಕ್ಷಾಕ್ಕೆ ಇಪ್ಪತ್ತು ರೂಪಾಯಿ. ಅಲ್ಲಿಂದ ಎರಡು ಕಿಲೋಮೀಟರು ಬಿಸಿಲಲ್ಲಿ ನಡೆದೆ.

ಆಳೆತ್ತರದ ದುಂಡು ಕಲ್ಲುಗೋಡೆಯೇ ಭಟ್ಟಿ. ಒಳಗೆ ಎಕ್ಕೆಗಿಡ ಬೆಳೆದಿತ್ತು. ಗಂಗವ್ವನಿಗೆ ಅರವತ್ತು ದಾಟಿತ್ತು. ಸುಟ್ಟ ಸುಣ್ಣಕ್ಕೆ ನೀರು ಹಾಕಿ ಅರಳಿಸುವಾಗ ಸಿಡಿದ ಹನಿಯಿಂದ ಎಡಗಣ್ಣು ಹೋಗಿತ್ತು. ಗಂಡ ತೀರಿಕೊಂಡ ಮೇಲೆ ಭಟ್ಟಿಗೆ ಬೆಂಕಿ ಹಾಕಿರಲಿಲ್ಲ.

"ಬ್ಯಾಸಗಿ ಬಂತಂದ್ರ ನಾಕ್ ಊರ ಮಂದಿಗೆ ಇಲ್ಲೇ ಕೆಲಸ," ಎಂದಳು. "ಚಕ್ಕಡಿಯವರು ಕಲ್ಲ ತರ್ತಿದ್ರು, ಹೆಣ್ಮಕ್ಕಳು ಒಡೀತಿದ್ರು. ಮಳಿ ಬಿದ್ದು ಹೊಲದ ಕೆಲಸ ಸುರು ಆಗೂತನಾ ಎಲ್ಲಾರ ಹೊಟ್ಟಿ ಇದರ ಮ್ಯಾಲೆ."

ನಾನು ಬಂದ ಕೆಲಸ ಹೇಳಿದೆ. ಅವಳು ಗುಡಿಸಲ ಹಿಂದೆ ಹೋಗಿ ಹಾಸುಗಲ್ಲು ಸರಿಸಿದಳು. ಗುಂಡಿಯ ನೀರಿನಡಿ ಸುಣ್ಣ ಬೆಣ್ಣೆಯ ಹಾಗೆ ನಿಂತಿತ್ತು.

"ನಮ್ಮ ಮನಿಯವರು ಕಡೀಕ ಅರಳಿಸಿದ್ದಿದು. ಭಾಳ ಮಂದಿ ಕೇಳಿದ್ರು. ಕೊಡಾಕ ಮನಸ್ಸಾಗಲಿಲ್ಲ."

"ಹಂಗಾದ್ರ ಇರ್ಲಿ ಬಿಡ್ರಿ ಯವ್ವಾ," ಎಂದು ಎದ್ದೆ.

"ಕುಂಡ್ರವಾ. ಆ ಬಾವಿ ನೀರ ಮಂದಿ ಕುಡೀತಾರೇನು?"

"ಓಣಿಗೆಲ್ಲಾ ಅದ ನೀರ್ರಿ."

ಅವಳು ಹಾಸುಗಲ್ಲನ್ನು ಇನ್ನಷ್ಟು ದೂರ ಸರಿಸಿದಳು. "ಒಯ್ಯಿ. ಆದ್ರ ನಾನೂ ಬರ್ತೀನಿ. ನಲವತ್ತು ವರ್ಷ ಸುಟ್ಟೇವಿ. ನಮ್ಮ ಸುಣ್ಣ ಎಲ್ಲಿ ಹೋತು, ಏನಾತು, ಒಮ್ಮೆನೂ ನೋಡಿಲ್ಲ."

ಬಾಡಿಗೆ ಗಾಡಿಯಲ್ಲಿ ಆರು ಡಬ್ಬಿ ತುಂಬಿಕೊಂಡು ಸಂಜೆಗೆ ಕುರ್ತಕೋಟಿ ಮುಟ್ಟಿದೆವು. ಅಪ್ಪ ಒಂದು ಚಿಟಿಕೆ ತೆಗೆದು ಬೆರಳಲ್ಲಿ ತಿಕ್ಕಿ ನೋಡಿದ.

"ಎಂಥಾ ನುಣುಪು! ಯಾರು ಅರಳಿಸಿದ್ದಿದು?"

"ನಮ್ಮ ಮನಿಯವರ್ರಿ," ಎಂದಳು ಗಂಗವ್ವ. "ಈಗಿಲ್ಲ."

ಮರುದಿನ ಬೆಳಿಗ್ಗೆ ಅಪ್ಪ ಸುಣ್ಣಕ್ಕೆ ಮರಳು, ಇಟ್ಟಂಗಿ ಪುಡಿ ಬೆರೆಸಿ ಅರೆದ. ಅವಳ ಕೈ ಹಿಡಿದು ಬಾವಿಯ ಮೆಟ್ಟಿಲು ಇಳಿಸಿ ಗಾರೆ ಮೆತ್ತುವ ಕರಣಿ ಕೊಟ್ಟ. ಅವಳು ಒಂದು ಸಂದು ತುಂಬಿದಳು. ಕರಣಿ ಕೆಳಗಿಟ್ಟು, ಹೆಬ್ಬೆರಳಿಂದ ಒತ್ತಿ ಒತ್ತಿ ಸಮ ಮಾಡಿದಳು. ಒಂದೇ ಕಣ್ಣಿನಲ್ಲಿ ನೀರು ಬರುತ್ತಿತ್ತು.

ಮಧ್ಯಾಹ್ನ ಅವಳನ್ನು ಗದಗಿಗೆ ಕರೆತಂದು ಶಿರಹಟ್ಟಿ ಬಸ್ಸು ಹತ್ತಿಸಿದೆ. ಕಿಟಕಿಯಿಂದ ಕೈ ಬೀಸಿದಳು. ಉಗುರ ಸಂದಿಯ ಸುಣ್ಣವನ್ನು ಅವಳು ತೊಳೆದಿರಲಿಲ್ಲ.