ಬಡವಿಯ ಪಾತ್ರಕ್ಕೆ ಅಕ್ಕನೇ ಸರಿ

ಅಂತರರಾಷ್ಟ್ರೀಯ ಅಭಿವೃದ್ಧಿ ಎಂಬ ವಿಷಯದಲ್ಲಿ ಸ್ನಾತಕೋತ್ತರ ಪದವಿಗೆ ಸೇರಿದವರನ್ನು ವಿಮಾನ ಹತ್ತಿಸುತ್ತಾರೆ ಎಂದು ಯಾರೂ ಹೇಳಿರಲಿಲ್ಲ. ಇದನ್ನು ಬರೆಯುತ್ತಿರುವ ಮಹಾಶಯ ತಾನೇ ಹಾಗಂದುಕೊಂಡ. ವಿಮಾ ಕಂಪನಿಯ ಕೌಂಟರಿನಲ್ಲಿ ಕೂತು, ಬಂದವರಿಗೆಲ್ಲ ‘ಪಕ್ಕದ ಕಿಟಕಿಗೆ ಹೋಗಿ’ ಎನ್ನುವುದೇ ಅವನ ನೌಕರಿ. ಉದ್ಯೋಗಸ್ಥರಿಗೆಂದೇ ನಡೆಸುವ ಶನಿವಾರದ ತರಗತಿ ಅದು. ಮೊದಲ ವಾರವೇ ‘ಕ್ಷೇತ್ರಭೇಟಿ ಇದೆ, ಸಿದ್ಧರಾಗಿ ಬನ್ನಿ’ ಎಂಬ ಸಂದೇಶ ಬಂತು. ವಿಷಯವೇ ಅಂತರರಾಷ್ಟ್ರೀಯ ಎಂದ ಮೇಲೆ ಕ್ಷೇತ್ರ ಊರೊಳಗೆ ಇರಲು ಹೇಗೆ ಸಾಧ್ಯ? ಗೆಳೆಯನಿಂದ ಗಾಲಿಯ ಸೂಟ್‌ಕೇಸು ಕೇಳಿ ತಂದು, ಅದರಲ್ಲಿ ಉಣ್ಣೆಯ ಅಂಗಿ ತುರುಕಿ, ಕಾಲೇಜಿನ ಕಾರಿಡಾರಿನುದ್ದಕ್ಕೂ ಗಡಗಡ ಎಳೆದುಕೊಂಡು ಹೋದ. ಕ್ಷೇತ್ರ ಇದ್ದದ್ದು ಸಿಟಿ ಬಸ್ಸಿನಲ್ಲಿ ಮೂರು ಸ್ಟಾಪಿನಾಚೆ, ಗ್ಯಾರೇಜುಗಳ ಹಿಂದಿನ ಓಣಿಯಲ್ಲಿ.

ಎಲ್ಲರೂ ನಗು ನುಂಗಿಕೊಂಡರು. ಒಬ್ಬಾಕೆ ಮಾತ್ರ ನುಂಗಲಿಲ್ಲ. ಬಸ್ಸಿನಲ್ಲಿ ಸೀಟು ಸಿಗದೆ ಆ ಸೂಟ್‌ಕೇಸಿನ ಮೇಲೇ ಕೂತು, “ಒಳ್ಳೇದಾಯ್ತು ಬಿಡಪ್ಪ. ಇಷ್ಟು ವರ್ಷದಿಂದ ಫೀಲ್ಡಿಗೆ ಹೋಗ್ತಿದೀನಿ, ನನಗೆ ಅಂತ ಕುರ್ಚಿ ತಂದವನು ನೀನೊಬ್ಬನೇ” ಎಂದಳು. ಅವತ್ತಿನಿಂದ ಅವನ ಹೆಸರು ಸೂಟ್‌ಕೇಸು. ಅವಳು ಇಡೀ ತರಗತಿಗೆ ಅಕ್ಕ.

ಇದು ಅಕ್ಕನ ಕಥೆ. ಸೂಟ್‌ಕೇಸಿನದು ಇಲ್ಲಿಗೆ ಸಾಕು. ಕೊನೆಯಲ್ಲಿ ಅವನಿಗೊಂದು ಸಣ್ಣ ಪಾತ್ರವಿದೆ, ಅಲ್ಲೂ ಮರ್ಯಾದೆ ಕಳೆದುಕೊಳ್ಳುತ್ತಾನೆ.

ಅಕ್ಕನಿಗೆ ಒಂದು ಸೇವಾಸಂಸ್ಥೆಯಲ್ಲಿ ಸಮೀಕ್ಷೆಯ ಕೆಲಸ. ಮನೆಮನೆಯ ಹೊಸ್ತಿಲ ಮುಂದೆ ನಿಂತು, ನೀರು ಎಲ್ಲಿಂದ ತರುತ್ತೀರಿ, ಮಕ್ಕಳು ಶಾಲೆಗೆ ಹೋಗುತ್ತಾರಾ, ಕಾಯಿಲೆ ಬಿದ್ದರೆ ಯಾರ ಹತ್ತಿರ ಓಡುತ್ತೀರಿ ಎಂದು ಕೇಳಿ ಗುರುತು ಹಾಕಿಕೊಂಡು ಬರಬೇಕು. ಒಂದೇ ಕಾಲಿನ ಮೇಲೆ ಭಾರ ಬಿಟ್ಟು ನಿಲ್ಲುವ ಅಭ್ಯಾಸಕ್ಕೆ ಅವಳ ಎಡಗಾಲಿನ ಚಪ್ಪಲಿ ಯಾವಾಗಲೂ ಮೊದಲು ಸವೆಯುತ್ತಿತ್ತು. ಅವಳ ಮೇಲಿನ ಕುರ್ಚಿ ಯೋಜನಾಧಿಕಾರಿಯದು. ಅದರಲ್ಲಿ ಹೊಸ ಹೊಸ ಹುಡುಗರು ಬಂದು ಕೂರುತ್ತಿದ್ದರು. ಅವರಿಗೆ ಓಣಿ ತೋರಿಸಿ, ಯಾವ ತಿರುವಿನಲ್ಲಿ ನಾಯಿ ಮೈಮೇಲೆ ಬರುತ್ತದೆ ಎಂದು ಹೇಳಿಕೊಡುವುದು ಅಕ್ಕನ ಪಾಲಿನ ಕರ್ಮ. ಕೇಳಿದಾಗಲೆಲ್ಲ ನಿರ್ದೇಶಕರು, “ನಿಮ್ಮ ಅನುಭವ ದೊಡ್ಡದು, ಆದರೆ ಪದವಿ ಇಲ್ಲವಲ್ಲ” ಎನ್ನುತ್ತಿದ್ದರು.

“ಎಲ್ಲಿ ಸಿಗುತ್ತೆ ಹೇಳಿ ಸಾರ್, ತಗೊಂಡು ಬರ್ತೀನಿ” ಎಂದಳು ಅಕ್ಕ ಒಂದು ದಿನ, ಅಂಗಡಿಗೆ ಹೊರಟವಳ ಹಾಗೆ.

ತರುವುದು ಅಷ್ಟು ಸುಲಭವಾಗಿರಲಿಲ್ಲ. ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಅವಳು ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುತ್ತಿದ್ದಳು. ಸಿದ್ಧಾಂತಗಳನ್ನು ಸೂಟ್‌ಕೇಸಿನ ಉತ್ತರ ನೋಡಿ ಬರೆದು, ಅವನ ತಪ್ಪುಗಳನ್ನೂ ಚಾಚೂ ತಪ್ಪದೆ ಇಳಿಸಿ, ಇಬ್ಬರೂ ಸಿಕ್ಕಿಬಿದ್ದಿದ್ದರು. ಆದರೂ ತಳ್ಳಿಕೊಂಡು ಕೊನೆಯ ಪರೀಕ್ಷೆಯವರೆಗೆ ಬಂದಳು. ಅಷ್ಟರಲ್ಲಿ ಕುರ್ಚಿ ಮತ್ತೆ ಖಾಲಿಯಾಗಿತ್ತು. ಫಲಿತಾಂಶ ಬರುವವರೆಗೆ ಕಾಯುತ್ತೇನೆ, ಅದರಾಚೆ ಇಲ್ಲ ಎಂದಿದ್ದರು ನಿರ್ದೇಶಕರು. ಪಾಸಾದರೆ ಕುರ್ಚಿ. ಇಲ್ಲವಾದರೆ ಇನ್ನೊಬ್ಬ ಹುಡುಗನಿಗೆ ನಾಯಿ ತೋರಿಸಬೇಕು.

ಉಳಿದಿದ್ದು ಪಾತ್ರಾಭಿನಯ ಒಂದೇ. ಒಬ್ಬರು ಅಧಿಕಾರಿ, ಒಬ್ಬರು ದಾನಿ, ಒಬ್ಬರು ಬಡವಿ ಎಂದು ಹಂಚಿಕೊಂಡು ತರಗತಿಯಲ್ಲೇ ಸಂದರ್ಶನ ನಡೆಸಿ ತೋರಿಸಬೇಕು. ಹಿಂದೆ ಅಭ್ಯಾಸಕ್ಕೆಂದು ಮಾಡಿದಾಗಲೆಲ್ಲ ಪಾಠದ ಮೇಡಂ ಒಮ್ಮೆ ಸುತ್ತ ಕಣ್ಣಾಡಿಸಿ, “ಬಡವಿಗೆ ಅಕ್ಕನೇ ಸರಿ” ಎಂದಿದ್ದರು. ಅಕ್ಕನೂ ಸೆರಗು ಹೊದ್ದು, “ತುಂಬ ಕಷ್ಟ ಸಾರ್, ನೀವೇ ದಾರಿ ತೋರಿಸಬೇಕು” ಎಂದು ಚಪ್ಪಾಳೆ ಗಿಟ್ಟಿಸಿದ್ದಳು. ಕೊನೆಯ ಪರೀಕ್ಷೆಗೂ ಅದೇ ಪಾತ್ರ ಬಂತು. ‘ನನ್ನ ಮುಖದ ಮೇಲೆ ಏನಾದ್ರೂ ಬರೆದಿದೆಯಾ?’ ಎಂದು ಆ ಸಂಜೆ ಅವಳು ಬಸ್ಸಿನ ಗಾಜಿನಲ್ಲಿ ನೋಡಿಕೊಂಡಳಂತೆ.

ಮರುದಿನ ಭಾನುವಾರ, ಹಿತ್ತಲಿನಲ್ಲಿ ಅತ್ತೆ ಬಟ್ಟೆ ಒಗೆಯುತ್ತಿದ್ದರು. ಅಕ್ಕ ಜಾಲಿಸಿ ಹಿಂಡುತ್ತ ತನ್ನ ಮಾತುಗಳನ್ನು ಬಾಯಿಪಾಠ ಮಾಡುತ್ತಿದ್ದಳು.

“ಬಡವಿ ಪಾರ್ಟು ಮಾಡೋಕೆ ನಿನಗೆ ಪ್ರಾಕ್ಟೀಸು ಬೇರೆ ಬೇಕಾ?” ಎಂದರು ಅತ್ತೆ.

“ಪರೀಕ್ಷೆ ಅತ್ತೆ, ಅಂಕ ಕೊಡ್ತಾರೆ.”

“ಇಷ್ಟು ವರ್ಷ ನಾವು ಪುಕ್ಕಟೆ ಮಾಡಿದ್ವಲ್ಲ. ನಿನ್ನಂಥೋಳೇ ಒಬ್ಬಳು ನಮ್ಮನೆಗೂ ಬರೋಳು. ಸರಿಯಾಗಿ ಕೈಗೆ ಸೋಪು ಹತ್ತಿರೋವಾಗಲೇ ಬರೋಳು. ದಿನಕ್ಕೆ ಎಷ್ಟು ಹೊತ್ತು ಊಟ ಮಾಡ್ತೀರಿ, ಎಲ್ಲಿ ಮಲಗ್ತೀರಿ ಅನ್ನೋಳು. ನಾನೂ ಹಲ್ಲು ಕಿರಿದು ಹೇಳ್ತಿದ್ದೆ.”

“ಯಾಕೆ ಹೇಳಿದ್ರಿ?”

“ಹೇಳಲ್ಲ ಅನ್ನಬಹುದು ಅಂತ ಯಾರಿಗೆ ಗೊತ್ತಿತ್ತು?” ಅತ್ತೆ ಬಟ್ಟೆಯನ್ನು ಕಲ್ಲಿಗೆ ಬಡಿದರು. “ಈಗ ಬರಲಿ ನೋಡೋಣ.”

ಅಕ್ಕ ಹಿಂಡಿದ ಅಂಗಿಯನ್ನೇ ಮತ್ತೆ ನೀರಿಗೆ ಅದ್ದಿದಳು. ತನಗೆ ಹೊಸ್ತಿಲಲ್ಲಿ ಹಲ್ಲು ಕಿರಿದ ಮುಖಗಳು ಒಂದೊಂದಾಗಿ ನೆನಪಾದವು. ಒಬ್ಬರದೂ ಕೈ ಒಣಗಿರಲಿಲ್ಲ.

ಪರೀಕ್ಷೆಯ ದಿನ ಹೊರಗಿನಿಂದ ಪರೀಕ್ಷಕರು ಬಂದು ಮುಂದಿನ ಸಾಲಿನಲ್ಲಿ ಕೂತರು. ಹಾಸ್ಟೆಲಿನ ಬಚ್ಚಲಿನಿಂದ ನೀರು ತುಂಬಿ ತಂದ ಬಕೆಟ್ಟಿನ ಮುಂದೆ ಅಕ್ಕ ಕುಕ್ಕರುಗಾಲಿನಲ್ಲಿ ಕೂತಳು. ಅಧಿಕಾರಿ ನಮ್ಮ ಸೂಟ್‌ಕೇಸು, ಇಸ್ತ್ರಿ ಮಾಡಿದ ಅಂಗಿಯಲ್ಲಿ.

“ನಮಸ್ಕಾರ ಅಮ್ಮ. ನಿಮ್ಮ ಕುಟುಂಬದ ಸ್ಥಿತಿಗತಿ ಬಗ್ಗೆ ಕೆಲವು ಪ್ರಶ್ನೆ ಕೇಳಬಹುದಾ?”

“ಬೇಡ.”

ಅವನ ಹಾಳೆಯಲ್ಲಿ ‘ಬೇಡ’ಕ್ಕೆ ಜಾಗವಿರಲಿಲ್ಲ. ಮುಂದಿನ ಪ್ರಶ್ನೆಗೆ ಜಿಗಿದ. “ನೀರು ಎಲ್ಲಿಂದ ತರ್ತೀರಿ?”

“ನೀನೆಲ್ಲಿಂದ ತರ್ತೀಯಪ್ಪ?”

“ನಾನು... ನಲ್ಲಿಯಿಂದ.”

“ಸಾಕಾಗುತ್ತಾ?”

“ಬೆಳಗ್ಗೆ ಹೊತ್ತು ಸಾಕಾಗಲ್ಲ ಅಕ್ಕ.”

“ಮನೇಲಿ ಅಡುಗೆ ಯಾರು ಮಾಡೋದು?”

“ಅಮ್ಮ.”

“ಯಾಕೆ, ನಿನ್ನ ಕೈಗೇನಾಗಿದೆ?”

ಸಂದರ್ಶನ ಮುಗಿಯುವಷ್ಟರಲ್ಲಿ ಸೂಟ್‌ಕೇಸಿನ ಕುಟುಂಬದ ಸ್ಥಿತಿಗತಿ ಇಡೀ ತರಗತಿಗೆ ತಿಳಿದಿತ್ತು. ಬಡವಿಯದು ಒಂದಕ್ಷರವೂ ಇಲ್ಲ.

ಪರೀಕ್ಷಕರು ಕನ್ನಡಕ ತೆಗೆದರು. ಈ ಪಾತ್ರ ಸಹಕರಿಸಬೇಕು, ಇಲ್ಲದಿದ್ದರೆ ಅಂಕ ಹಾಕುವುದು ಯಾವುದಕ್ಕೆ ಎಂದರು. ಮೇಡಂ ಓಡಿಬಂದು ಅಕ್ಕನ ಪಕ್ಕ ಬಗ್ಗಿ, “ಇನ್ನೊಂದು ಸಲ ಮಾಡಿಬಿಡಿ ಅಕ್ಕ. ಯಾವಾಗಲೂ ಹೇಳ್ತೀರಲ್ಲ, ಹಾಗೇ ಹೇಳಿ ಮುಗಿಸಿ. ನಿಮ್ಮ ಹುದ್ದೆ ಇದರ ಮೇಲೆ ನಿಂತಿದೆ, ಮರೀಬೇಡಿ” ಎಂದು ಪಿಸುಗುಟ್ಟಿದರು.

ಅಕ್ಕ ಮರೆತಿರಲಿಲ್ಲ. ಆಫೀಸಿನ ಆ ಕುರ್ಚಿಯ ಒಂದು ಗಾಲಿ ಸರಿಯಿಲ್ಲ, ಕೂತರೆ ಎಡಕ್ಕೆ ವಾಲುತ್ತದೆ. ಹಿಂದಿನ ಯೋಜನಾಧಿಕಾರಿ ಊಟಕ್ಕೆ ಹೋದಾಗ ಅವಳು ಕೂತು ನೋಡಿದ್ದಳು. ಎಡಕ್ಕೆ ವಾಲುವುದು ತನಗೆ ಹೇಗೂ ಅಭ್ಯಾಸ ಎಂದುಕೊಂಡಿದ್ದಳು. ಅದು ಅವಳಿಗೆ ಬೇಕೇ ಬೇಕಿತ್ತು. ‘ತುಂಬ ಕಷ್ಟ ಸಾರ್’ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತೂ ಇತ್ತು.

ಸೂಟ್‌ಕೇಸು ಮತ್ತೆ ಬಾಗಿಲಿನಿಂದ ಬಂದ. “ನಮಸ್ಕಾರ ಅಮ್ಮ, ಕೆಲವು ಪ್ರಶ್ನೆ...”

ಅಕ್ಕ ಬಕೆಟ್ಟಿನಿಂದ ಒದ್ದೆ ಕೈ ಎತ್ತಿ ಅವನಿಗೆ ತೋರಿಸಿದಳು. “ಕೆಲಸ ಮಾಡ್ತಿದೀನಿ, ಕಾಣಲ್ವಾ? ಹೋದ ಸಲ ಕೇಳಿಕೊಂಡು ಹೋದ್ರಲ್ಲ, ಅದೇನಾಯ್ತು ಅಂತ ಮೊದಲು ಹೇಳಿ. ಆಮೇಲೆ ಕೇಳಿ.”

ಮೇಡಂ ಹಣೆಗೆ ಕೈ ಹಚ್ಚಿಕೊಂಡರು. ಪರೀಕ್ಷಕರು ಪೆನ್ನಿನ ಮುಚ್ಚಳ ಹಾಕಿ, ಅಕ್ಕನ ನೌಕರಿಯ ವಿವರವಿದ್ದ ಹಾಳೆಯ ಮೇಲೆ ಕಣ್ಣಾಡಿಸಿ, ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

“ಒಂದು ಮಾತು ಕೇಳ್ತೀನಮ್ಮ. ಇದೇ ಪ್ರಶ್ನೆಗಳನ್ನ ಮನೆಮನೆಗೆ ಹೋಗಿ ಕೇಳಿಯೇ ಅಲ್ವಾ ನೀವು ಇಷ್ಟು ವರ್ಷ ಸಂಬಳ ತಗೊಂಡಿದ್ದು? ಆಗ ಎಲ್ಲಿತ್ತು ಈ ರೋಷ?”

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಎದ್ದು ನಿಂತಳು.

“ಇರಲಿಲ್ಲ ಸಾರ್. ಈಗ ಬಂದಿದೆ, ಇನ್ನು ಹೋಗಲ್ಲ. ಫೇಲ್ ಮಾಡೋದಾದ್ರೆ ಮಾಡಿ. ಮುಂದಿನ ವರ್ಷ ಇದೇ ಬಕೆಟ್ ಮುಂದೆ ಕೂತು ಇದನ್ನೇ ಹೇಳ್ತೀನಿ.”