ಕುಣಿಗಲ್ ಕೆರೆಗೆ ಬಿದ್ದಿದ್ದು ಯಾರು?

ಮೊನ್ನೆ ಮೂರು ಜನ ಡಾಕ್ಟರು, ಒಬ್ಬ ಅಧಿಕಾರಿ ಮತ್ತು ಒಂದು ಕ್ಯಾಮೆರಾ ಸೇರಿ ನನ್ನ ಬಾಲ್ಯವನ್ನು ವಿಚಾರಣೆ ಮಾಡಿದರು. ಬಾಲ್ಯ ಫೇಲಾಯಿತು.

ನಗಬೇಡಿ. ಅದು ಪಾಸಾದರೆ ಮಾತ್ರ ನನಗೊಂದು ಕಿಡ್ನಿ ಸಿಗುವುದಿತ್ತು.

(ಅಂಕಣ ಆಗಾಗ ತಪ್ಪುತ್ತಿದೆ, ಎಲ್ಲಿ ಹೋಗ್ತೀರಿ ಅಂತ ಕೆಲವರು ಕೇಳಿದ್ದಿರಿ. ಎಲ್ಲೂ ಇಲ್ಲ. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ, ತುಮಕೂರಿನಲ್ಲೇ ಡಯಾಲಿಸಿಸ್ ಮಂಚದ ಮೇಲೆ ಮಲಗಿರುತ್ತೇನೆ. ನನ್ನ ಎರಡೂ ಕಿಡ್ನಿಗಳು ಒಂದೂವರೆ ವರ್ಷದ ಹಿಂದೆ ಸದ್ದಿಲ್ಲದೆ ನಿವೃತ್ತಿ ತಗೊಂಡವು.)

ಹೆಂಡತಿಗೆ ಶುಗರ್. ಅಮ್ಮನಿಗೆ ವಯಸ್ಸು. ತಮ್ಮನದು ಹೊಂದಲಿಲ್ಲ. ಆಗ ಗುಬ್ಬಿಯಿಂದ ಗಿರಿಜಕ್ಕ ಬಂದಳು. ನನ್ನ ದೊಡ್ಡಮ್ಮನ ಮಗಳು, ನನಗಿಂತ ಐದು ವರ್ಷ ದೊಡ್ಡವಳು, ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಶೆಟ್ಟಿಹಳ್ಳಿಯ ನಮ್ಮ ಮನೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೂರುವ ಮೊದಲೇ ಕೇಳಿದಳು.

"ಎಡಗಡೇದು ಬೇಕೇನ್ಲಾ, ಬಲಗಡೇದಾ?"

ತಿಂಗಳುಗಟ್ಟಲೆ ಟೆಸ್ಟ್ ನಡೆದವು. ರಕ್ತ ಹೊಂದಿತು. ಭಾವ ಸಹಿ ಹಾಕಿದರು. ಉಳಿದಿದ್ದು ಕಾನೂನು.

ಕಾನೂನಿಗೆ ಒಡಹುಟ್ಟಿದವರು ಹತ್ತಿರ, ದೊಡ್ಡಮ್ಮನ ಮಗಳು ದೂರ. ದೂರದವರು ಕಿಡ್ನಿ ಕೊಡುವುದಾದರೆ ಅದು ಪ್ರೀತಿಯಿಂದಲೇ, ದುಡ್ಡಿಗಲ್ಲ, ಒತ್ತಾಯಕ್ಕಲ್ಲ ಅಂತ ಅನುಮತಿ ಕೊಡುವ ಕಮಿಟಿಗೆ ನಂಬಿಕೆ ಬರಬೇಕು. ತಪ್ಪೇನಿಲ್ಲ. ಬಡವರ ಕಿಡ್ನಿ ಮಾರಾಟವಾದ ದೇಶ ಇದು. ಕೊಡುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು ಇರುವ ದೇಶವೂ ಹೌದು. ಆದರೆ ಪ್ರೀತಿಯನ್ನು ತೋರಿಸೋದು ಹೇಗೆ? ಮೊದಲು ಫೋಟೋ ಕೇಳುತ್ತಾರೆ. ಆಮೇಲೆ ರೇಷನ್ ಕಾರ್ಡ್. ಆಮೇಲೆ ನೆನಪು.

ಪಕ್ಕದ ಮಂಚದ ರಂಗಸ್ವಾಮಿ, ಹಿರೇಹಳ್ಳಿಯ ವರ್ಕ್‌ಶಾಪಿನಲ್ಲಿ ಲೇತ್ ಓಡಿಸುತ್ತಿದ್ದವನು, ನನಗೆ ಬುದ್ಧಿ ಹೇಳಿದ. "ಸಾರ್, ಇಬ್ರೂ ಒಂದೇ ಅಳತೆಗೆ ಹೇಳ್ಬೇಕು. ಒಬ್ರು ಬಾವಿ ಅಂದು ಇನ್ನೊಬ್ರು ಕೆರೆ ಅಂದ್ರೆ ಫೈಲು ವಾಪಸ್."

ಸರಿ, ಗುಬ್ಬಿಗೆ ಹೋದೆ. ಗಿರಿಜಕ್ಕ ಹೊಲಿಗೆ ಮೆಷಿನ್ನಿನ ಡ್ರಾಯರ್ ಎಳೆದು, ಬಾಬಿನ್‌ಗಳ ಕೆಳಗಿಂದ ಹಳದಿಯಾದ ಒಂದು ಪೇಪರ್ ತುಂಡು ತೆಗೆದಳು. ನನ್ನದೇ ಅಂಕಣ. ಹತ್ತು ವರ್ಷದ ಹಿಂದೆ ಇದೇ ಜಾಗದಲ್ಲಿ ಬಂದಿದ್ದು. ನಿಮ್ಮಲ್ಲಿ ಕೆಲವರು ಕಾಗದ ಬರೆದು ಮೆಚ್ಚಿಕೊಂಡಿದ್ದಿರಿ.

ಅಜ್ಜಿ ಮನೆ ಕುಣಿಗಲ್. ನನಗೆ ಎಂಟು ವರ್ಷ. ಬೇಸಿಗೆ ರಜ. ಕೆರೆಯ ಮೆಟ್ಟಿಲಲ್ಲಿ ಜಾರಿದೆ, ಮುಳುಗಿದೆ. 'ನೀರಿನ ಮೇಲೆ ಸೂರ್ಯ, ಬಿಸಿ ರೊಟ್ಟಿಯ ಮೇಲಿನ ಬೆಣ್ಣೆಯ ಹಾಗೆ, ಅಂಚಿನಿಂದ ಕರಗುತ್ತಿದ್ದ.' ಆಗ ಗಿರಿಜಕ್ಕನ ಕೈ ಬಂದು ಕಾಲರ್ ಹಿಡಿಯಿತು.

"ಇದನ್ನೇ ಹೇಳಾಣ ಬುಡು," ಅಂದಳು. "ಪ್ರಿಂಟಲ್ಲೇ ಐತಲ್ಲ."

ಅವಳ ಮುಖದಲ್ಲಿ ಏನೋ ಹಾದುಹೋಯಿತು ಅಂತ ಈಗ ಅನ್ನಿಸುತ್ತೆ. (ಈಗ ಅನ್ನಿಸೋದನ್ನೆಲ್ಲ ನಂಬಬೇಡಿ.) ಇಬ್ಬರೂ ಬಾಯಿಪಾಠ ಮಾಡಿದೆವು. ಕಾಜಾ ಹಾಕುತ್ತಾ ಅವಳು ಒಪ್ಪಿಸಿದಳು, ನಾನು ತಿದ್ದಿದೆ.

ನೆನಪು ಅಂದರೆ ಹೊಲಿದಿಟ್ಟ ಬಟ್ಟೆ ಅಲ್ಲ, ಅಂಚೇ ಇಲ್ಲದ ಹೊಗೆ ಅಂತ ಇಪ್ಪತ್ತು ವರ್ಷದಿಂದ ನಿಮಗೆ ಉಪದೇಶ ಮಾಡಿದವನು ನಾನು. ಜೀವಕ್ಕೆ ಬಂದಾಗ ಏನು ಮಾಡಿದೆ? ಇಸ್ತ್ರಿ ಹಾಕಿದೆ.

ಆಪರೇಷನ್ ಆಗಬೇಕಿದ್ದ ಬೆಂಗಳೂರಿನ ಆಸ್ಪತ್ರೆಯಲ್ಲಿ ಕಮಿಟಿಯವರು ಮೊದಲು ಅವಳನ್ನು ಒಬ್ಬಳನ್ನೇ ಕರೆದರು. ಆಮೇಲೆ ನನ್ನನ್ನು. ನಾನು ಕೆರೆಯ ಕಥೆ ಹೇಳಿದೆ. ಬೆಣ್ಣೆಯ ಹತ್ತಿರ ಬಂದಾಗ ಕನ್ನಡಕದ ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ನಿಮ್ಮಕ್ಕನೂ ಇದೇ ಹೇಳಿದ್ರು. ಒಂದು ಪದ ಆಚೀಚೆ ಇಲ್ಲ. ದಡದಲ್ಲಿ ಇದ್ದೋರಿಗೂ ನೀರೊಳಗೆ ಇದ್ದೋರಿಗೂ ಸೂರ್ಯ ಒಂದೇ ಥರ ಕಾಣ್ತಾನಾ?"

ಅವರು ಫೈಲು ಮುಚ್ಚಿದರು.

"ಯಾರು ಬರೆದುಕೊಟ್ರು ನಿಮಗೆ?"

"ನಾನೇ," ಅಂದೆ. ಸತ್ಯ ಇಷ್ಟು ಕೆಟ್ಟದಾಗಿ ಕೇಳಿಸಬಹುದು ಅಂತ ಗೊತ್ತಿರಲಿಲ್ಲ.

ಬಾಡಿಗೆ ದಾನಿಗಳು ಹೀಗೇ ಬಾಯಿಪಾಠ ಮಾಡಿಕೊಂಡು ಬರುತ್ತಾರಂತೆ. ಗಿರಿಜಕ್ಕನನ್ನು ಮತ್ತೆ ಒಳಗೆ ಕರೆದು ನನ್ನ ಪಕ್ಕ ಕೂರಿಸಿದರು. ಫೈಲು ಮುಚ್ಚಿತ್ತು. ಅವಳು ಫೈಲು ನೋಡಿದಳು. ನನ್ನ ಮುಖ ನೋಡಿದಳು. ಬ್ಯಾಗಿನಿಂದ ಪೇಪರ್ ತುಂಡು ತೆಗೆದು ಮೇಜಿನ ಮೇಲಿಟ್ಟಳು.

"ನೋಡಿ ಮೇಡಂ, ಇದ್ರಿಂದ ಕಲ್ತಿದ್ದು. ಆದ್ರೆ ಇದು ಸುಳ್ಳು. ಇವ್ನು ಕೆರೆಗೆ ಬೀಳ್ಲೇ ಇಲ್ಲ. ಬಿದ್ದಿದ್ದು ನಾನು."

"ಏನಕ್ಕ ಇದು, ನೀನ್ಯಾವಾಗ ಬಿದ್ದೆ?"

"ನೀನು ತಳ್ಳಿದಾಗ ಕಣೋ."

"ನಾನೆಲ್ಲಿ ತಳ್ಳಿದೆ?"

"ಬೆನ್ನಿಗೆ ಎರಡೂ ಕೈ ಇಟ್ಟು ತಳ್ಳಿ, ಮೆಟ್ಟಿಲ ಮೇಲೆ ನಿಂತು ಗೊಳೋ ಅಂತ ಅತ್ತೆ. ಬಟ್ಟೆ ಒಗಿಯೋಕೆ ಬಂದಿದ್ದ ಹೆಂಗ್ಸು ನನ್ನ ಜಡೆ ಹಿಡಿದು ಎಳೆದ್ಲು. ಕಾಲರ್ ಅಂತೆ ಕಾಲರ್. ನೀನು ಅವತ್ತು ಶರ್ಟೇ ಹಾಕಿರ್ಲಿಲ್ಲ."

"ಹಾಕಿದ್ದೆ. ಹಸಿರು ಶರ್ಟು."

"ಅದು ದೊಡ್ಡಣ್ಣನ ಮದುವೇಲಿ. ತಲೆ ಹರಟೆ ಮಾಡ್ಬೇಡ."

ಕ್ಯಾಮೆರಾ ಓಡುತ್ತಲೇ ಇತ್ತು. ನಾವು ಶರ್ಟಿನ ಬಗ್ಗೆ ಎಷ್ಟು ಹೊತ್ತು ಜಗಳವಾಡಿದೆವೋ ಗೊತ್ತಿಲ್ಲ. ಡಾಕ್ಟರಮ್ಮ ಕೆಮ್ಮಿದರು.

"ಮತ್ತೆ ಹತ್ತು ವರ್ಷ ಯಾಕಮ್ಮ ಸುಮ್ಮನಿದ್ರಿ?"

"ನಾನು ಕಾಪಾಡ್ದೆ ಅಂತ ಪೇಪರ್ನಲ್ಲಿ ಬಂದಿತ್ತಲ್ಲ ಮೇಡಂ. ಯಾರಿಗೆ ಬೇಡ?"

"ತಳ್ಳಿದವನಿಗೆ ಕಿಡ್ನಿ ಯಾಕೆ ಕೊಡ್ತೀರಿ?"

ಗಿರಿಜಕ್ಕ ಸೆರಗಿನ ತುದಿಯ ಒಂದು ಎಳೆ ದಾರವನ್ನು ಕಿತ್ತು ಬೆರಳಿಗೆ ಸುತ್ತಿಕೊಂಡಳು. "ಎಲ್ರೂ ನನ್ನ ಏನಾದ್ರೂ ಕೇಳ್ತಾನೇ ಇರ್ತಾರೆ. ಅದು ಹೊಲ್ಕೊಡು, ಇದು ಕೊಡು. ಇವ್ನು ಇಷ್ಟು ದಿನ ಮಲಗಿದ್ರೂ ಕೇಳ್ಲಿಲ್ಲ. ಅದಕ್ಕೆ."

ತೀರ್ಮಾನ ಆಮೇಲೆ ತಿಳಿಸುತ್ತೇವೆ ಅಂದರು.

ಆಮೇಲೆ ಒಂದು ವಾರ. ಯಂತ್ರ ರಕ್ತವನ್ನು ಹೊರಗೆ ಕರೆದುಕೊಂಡು ಹೋಗಿ, ತೊಳೆದು, ವಾಪಸ್ ತಂದು ಬಿಡುವಾಗ ಕಣ್ಣು ತಾನಾಗಿ ಮುಚ್ಚುತ್ತೆ. ನಿದ್ದೆ ಅಲ್ಲ, ಎಚ್ಚರವೂ ಅಲ್ಲ. ಅದರೊಳಗೆ ಓದಿದ್ದು, ಕೇಳಿದ್ದು ಎಲ್ಲ ತೇಲುತ್ತವೆ. ಕೊಟ್ಟವರಲ್ಲಿ ಉಳಿದ ಒಂಟಿ ಕಿಡ್ನಿ ನಿಧಾನವಾಗಿ ಸ್ವಲ್ಪ ಬೆಳೆಯುತ್ತದಂತೆ, ಹೋದ ಜೊತೆಗಾರನ ಪಾಲಿನ ಕೆಲಸವನ್ನೂ ಮಾಡಲು. ಮೊದಲೆಲ್ಲ ಪಡೆದವನ ಆರೋಗ್ಯವನ್ನೇ ಹೆಚ್ಚು ಲೆಕ್ಕ ಹಾಕುತ್ತಿದ್ದರು. ಈಗ ಕೊಟ್ಟವರನ್ನೂ ದಶಕಗಟ್ಟಲೆ ಹಿಂಬಾಲಿಸಿ ಹೇಗಿದ್ದೀರಿ ಅಂತ ಕೇಳುವ ಸಂಶೋಧನೆ ನಡೆದಿದೆ. ಎಲ್ಲೋ ಹಂದಿಯ ಕಿಡ್ನಿ ಮನುಷ್ಯನಲ್ಲಿ ಕೆಲಸ ಮಾಡಲು ಕಲಿಯುತ್ತಿದೆ. ಇನ್ನೆಲ್ಲೋ ದಾನಿಯ ಕಿಡ್ನಿಯ ಜೊತೆ ಅವರ ಮೂಳೆಮಜ್ಜೆಯ ಕೋಶಗಳನ್ನೂ ಹರಿಸಿ, 'ಇವರು ಪರಕೀಯರಲ್ಲ' ಅಂತ ದೇಹಕ್ಕೆ ಪರಿಚಯ ಮಾಡಿಸುವ ಪ್ರಯತ್ನ ನಡೆದಿದೆ, ಜೀವನಪೂರ್ತಿ ಮಾತ್ರೆ ನುಂಗುವುದು ತಪ್ಪಲಿ ಅಂತ. ದೇಹಕ್ಕೂ ಒಂದು ಕಮಿಟಿ ಇದೆ ನೋಡಿ. ಅದೂ ಸಂಬಂಧಕ್ಕೆ ದಾಖಲೆ ಕೇಳುತ್ತೆ.

ಹಳೆಯ ಎರಡನ್ನು ತೆಗೆಯುವುದಿಲ್ಲ, ಹೊಸದನ್ನು ಕೆಳಹೊಟ್ಟೆಯಲ್ಲಿ ಕೂರಿಸುತ್ತೇವೆ ಅಂದರು ನಮ್ಮ ಡಾಕ್ಟರು.

"ಅದರ ಜೊತೆ ಅವಳ ನೆನಪೂ ಬರುತ್ತಾ ಸಾರ್?"

"ನರಗಳನ್ನ ಕತ್ತರಿಸಿರ್ತೀವಿ. ಅದು ಸುದ್ದಿ ತರಲ್ಲ. ಮೂತ್ರ ಮಾಡುತ್ತೆ, ಅಷ್ಟೇ," ಅಂತ ನಕ್ಕರು.

ಗುರುವಾರ ಒಪ್ಪಿಗೆ ಬಂತು. ನಮ್ಮ ಜಗಳದ ವಿಡಿಯೋವೇ ಸಂಬಂಧಕ್ಕೆ ದಾಖಲೆಯಾಗಿ ಫೈಲಿನಲ್ಲಿದೆ. ಅದರ ಜೊತೆ, ಸುಳ್ಳು ಅಂತ ದಾನಿಯೇ ಹೇಳಿದ ನನ್ನ ಅಂಕಣವನ್ನೂ ಪಿನ್ ಮಾಡಿ ಸಾಕ್ಷಿಯಾಗಿ ಸೇರಿಸಿಕೊಂಡಿದ್ದಾರೆ. ಸರ್ಕಾರಿ ಕಾಗದದಲ್ಲಿ ಈಗ ಕೆರೆಗೆ ಇಬ್ಬರೂ ಬಿದ್ದಿದ್ದೇವೆ.

ಗಿರಿಜಕ್ಕನಿಗೆ ಫೋನ್ ಮಾಡಿದೆ. ಮೆಷಿನ್ನಿನ ಸದ್ದು ನಿಂತಿತು.

"ಆಪರೇಷನ್ನಿಗೆ ಮುಂಚೆ ಒಂದು ಕೆಲಸ ಮಾಡು. ಬಿದ್ದಿದ್ದು ನಾನು ಅಂತ ಪೇಪರ್ನಲ್ಲಿ ಹಾಕು."

"ಹಾಕ್ತೀನಿ."

"ಇನ್ನೊಂದು. ಆ ರೊಟ್ಟಿ, ಬೆಣ್ಣೆ, ಅದೂ ನಂದೇ. ಅವತ್ತು ಮಲಗುವಾಗ ಒಂದೇ ಕಂಬಳಿ ಒಳಗೆ ನಿಂಗೆ ಹೇಳಿದ್ದೆ. ನೀನು ಮರೆತ್ಬುಟ್ಟೆ."

ಮರೆತಿಲ್ಲ. ಅದೇ ತೊಂದರೆ. ಇವತ್ತಿಗೂ ಕಣ್ಣು ಮುಚ್ಚಿದರೆ ನಾನು ಹಸಿರು ನೀರಿನ ತಳದಲ್ಲಿದ್ದೇನೆ, ಮೇಲೆ ಸೂರ್ಯ ಅಂಚಿನಿಂದ ಕರಗುತ್ತಿದ್ದಾನೆ, ಕಿವಿಯೊಳಗೆ ತಣ್ಣಗೆ ಸದ್ದು.

ಬಿದ್ದಿದ್ದು ಗಿರಿಜಕ್ಕ. ಬರೆದಿದ್ದೇನೆ, ಓದಿಕೊಳ್ಳಿ.

ಕಿಡ್ನಿಗೆ ಇಷ್ಟೆಲ್ಲ ಅನುಮತಿ ಬೇಕಾಯಿತಲ್ಲ, ಅವಳಿಂದ ಈ ನೆನಪನ್ನು ನಾನು ಯಾರನ್ನು ಕೇಳಿ ತಗೊಂಡಿದ್ದೆ?