ರೇಷ್ಮೆಗೆ ಮೈಲಿಗೆಯಿಲ್ಲ

ಶಿಡ್ಲಘಟ್ಟದಲ್ಲಿ ಹುಟ್ಟಿದವರಿಗೆ ರೇಷ್ಮೆಗೂಡು ಬೇಯಿಸಿದ ನೀರಿನ ವಾಸನೆಯನ್ನು ವಿವರಿಸಬೇಕಾಗಿಲ್ಲ. ಉಳಿದವರಿಗೆ ವಿವರಿಸಿ ಪ್ರಯೋಜನವಿಲ್ಲ. ಸತ್ತ ಹುಳು, ಗೋಂದು, ಸೌದೆಯ ಹೊಗೆ ಎಲ್ಲ ಸೇರಿ ಊಟದ ತಟ್ಟೆಯವರೆಗೂ ಬರುತ್ತಿತ್ತು. ನಮ್ಮ ಹಿತ್ತಿಲಿನಲ್ಲಿ ರೇಷ್ಮೆನೂಲು ತೆಗೆಯುವ ಶೆಡ್ ಹಾಕಿದವನು ನನ್ನ ಚಿಕ್ಕಪ್ಪ. ಆಗ ಬಹುವಚನದಲ್ಲಿ ಮಾತನಾಡಿಸುತ್ತಿದ್ದೆ, ಈಗ ಅದು ಬಾಯಿಗೆ ಬರುವುದಿಲ್ಲ. ಶೆಡ್ಡಿನ ನೀರು ಹರಿಯುವ ದಾರಿಯಲ್ಲೇ ಬೀದಿಯವರೆಲ್ಲ ಸೇದುವ ಸಿಹಿನೀರಿನ ಬಾವಿ ಇತ್ತು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಮೊದಲ ಬಾಣಂತನಕ್ಕೆಂದು ನಾನು ಚಿಂತಾಮಣಿಯಿಂದ ತವರಿಗೆ ಬಂದಿದ್ದೆ. ಮಗುವಿದ್ದ ಮನೆಗೆ ಇಂಥ ನೀರೇ ಎಂಬ ಚಿಂತೆ ಅಮ್ಮನಿಗೆ ಹತ್ತಿಕೊಂಡಿತು. ಅಪ್ಪನಿಲ್ಲದ ಮನೆಗೆ ಚಿಕ್ಕಪ್ಪನೇ ಯಜಮಾನ, ಅವನನ್ನೇ ಕೇಳಿದಳು. ಅವನ ಬಳಿ ಉಪಾಯ ಸಿದ್ಧವಿತ್ತು. ಬಾವಿಗಿಂತ ಮುಂಚೆ ಒಂದು ತೊಟ್ಟಿ, ಅದರಲ್ಲಿ ಮರಳು, ಇದ್ದಿಲು, ಮೇಲೆ ಬಿಗಿದು ಕಟ್ಟಿದ ಬಟ್ಟೆ. ಕೊಳಕೆಲ್ಲ ಬಟ್ಟೆಯಲ್ಲೇ ನಿಲ್ಲುತ್ತದಂತೆ.

"ಹತ್ತಿ ಬಟ್ಟೆ ಆಗಲ್ಲ ಅತ್ಗೆ, ಗೋಂದು ಕಟ್ಕೊಂತದೆ. ರೇಷ್ಮೆ ಬೇಕು. ರೇಷ್ಮೆಗೆ ಮೈಲಿಗೆ ಇಲ್ಲ ಅಂತ ನೀವೇ ಹೇಳ್ತೀರಲ್ಲ" ಎಂದ.

ಮಡಿಯ ಮಾತೆತ್ತಿದರೆ ಅಮ್ಮ ಸೋತಂತೆಯೇ. ಹುಳುವನ್ನು ಬೇಯಿಸಿ ತೆಗೆದ ಬಟ್ಟೆ ಮಡಿ, ಹುಳು ಬೆಂದ ನೀರು ಮೈಲಿಗೆ. ಈ ನ್ಯಾಯ ನನಗೆ ಇಂದಿಗೂ ತಲೆಗೆ ಹತ್ತಿಲ್ಲ. ಅಮ್ಮ ಪೆಟ್ಟಿಗೆ ತೆರೆದು ತನ್ನ ಧಾರೆ ಸೀರೆಯನ್ನೇ ಕೊಟ್ಟಳು. ಚಿಕ್ಕಪ್ಪ ಎಲ್ಲರೆದುರು ಒಂದು ಬಿಂದಿಗೆ ಕೊಳಕು ನೀರು ಸುರಿದ. ಕೆಳಗಿನಿಂದ ತಿಳಿನೀರು ಬಂತು. ದೂರದ ಬಾವಿಗೆ ಹೋಗತೊಡಗಿದ್ದ ಹೆಂಗಸರಿಗೆ ಅಮ್ಮ, "ನನ್ ಮೈದ್ನ ಮಾತು ಕೊಟ್ಟವ್ನೆ, ಇಲ್ಲೇ ಸೇದ್ಕೊಳ್ರಮ್ಮ" ಎಂದಳು. ಅವಳ ಮಾತಿನ ಮೇಲೆ ಅವರು ಹಿಂತಿರುಗಿದರು.

ಮಳೆಗಾಲದಲ್ಲಿ ನೀರು ನಾರತೊಡಗಿತು. ಹೊಸ ನೀರಿಗೆ ಹೀಗಾಗುತ್ತದೆ ಎಂದು ಅಮ್ಮನೇ ಎಲ್ಲರನ್ನೂ ಸಮಾಧಾನ ಮಾಡಿದಳು. ನನ್ನ ಮಗನಿಗೂ ಎದುರುಮನೆಯ ಮಗುವಿಗೂ ಭೇದಿ ಹತ್ತಿತು. ನನ್ನ ಮಗ ಉಳಿದ. ಎದುರುಮನೆಯ ಮಗು ಉಳಿಯಲಿಲ್ಲ.

ಅದಾದ ಮೇಲೆ ಅಮ್ಮನಿಗೆ ನಿದ್ದೆಯಿಲ್ಲ. ಬಟ್ಟೆಗೆ ಕೊಳಕು ಕಟ್ಟಿರಬೇಕು, ಜಾಲಾಡಿಸಿ ಹಾಕೋಣವೆಂದು ಒಂದು ಬೆಳಿಗ್ಗೆ ತೊಟ್ಟಿಯ ಮೇಲೆ ಚಿಕ್ಕಪ್ಪ ಮುಚ್ಚಿಸಿದ್ದ ಹಲಗೆ ಸರಿಸಿದಳು. ಸೀರೆ ಕಟ್ಟಿದ ಹಾಗೆಯೇ ಇತ್ತು. ಮೊದಲ ದಿನದ ಒಂದು ಬಿಂದಿಗೆಯ ಕಲೆ ಬಿಟ್ಟರೆ ಬೇರೆ ಕಲೆಯಿಲ್ಲ, ಒಣಗಿತ್ತು. ಪಕ್ಕದ ಚಪ್ಪಡಿಯಡಿಯಲ್ಲಿ ಶೆಡ್ಡಿನ ನೀರು ನೇರವಾಗಿ ಬಾವಿಯ ಕಡೆಗೆ ಹರಿಯುತ್ತಿತ್ತು.

ಚಿಕ್ಕಪ್ಪ ತಲೆ ತಗ್ಗಿಸಲಿಲ್ಲ. "ಬಟ್ಟೇಲಿ ಹನಿಹನಿಯಾಗಿ ತೊಟ್ಟಿಕ್ಕೋ ನೀರು ಕಾಯ್ಕೊಂಡ್ ಕೂತ್ರೆ ಶೆಡ್ಡೆಲ್ಲ ತುಂಬ್ಕೊಂತದೆ ಅತ್ಗೆ. ನಿಮ್ ಸೀರೆ ಹಾಳಾಗಬಾರ್ದು ಅಂತ್ಲೇ ಪಕ್ಕಕ್ಕೆ ತಿರುಗಿಸ್ದೆ" ಎಂದ. ನನ್ನನ್ನು ಎತ್ತಿ ಆಡಿಸಿದ ಮನುಷ್ಯ ಅವನು. ನಂಬಿಸಿ ಕತ್ತು ಕುಯ್ಯುವುದು ಅಂದರೆ ಏನೆಂದು ಅಂದು ತಿಳಿಯಿತು. ಅವನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ಆಸೆಯೂ ಇಲ್ಲ.

ಅಮ್ಮ ಬಾವಿಕಟ್ಟೆಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಅಲ್ಲಿದ್ದ ಹೆಂಗಸರ ಗಂಡಂದಿರಲ್ಲಿ ಎಷ್ಟೋ ಜನ ಚಿಕ್ಕಪ್ಪನ ಶೆಡ್ಡಿನಲ್ಲೇ ಕೆಲಸಕ್ಕಿದ್ದರು. ಅವನನ್ನು ಯಾರೂ ಒಂದು ಮಾತೂ ಅನ್ನಲಿಲ್ಲ. ಎದುರುಮನೆಯಾಕೆ ಸೇದಿದ್ದ ನೀರನ್ನು ಅಮ್ಮನ ಕಾಲ ಬಳಿ ಸುರಿದು, "ನಿಮ್ ಹಿತ್ಲಲ್ಲೇ ನಡ್ದಿದ್ದು. ನಿಮ್ಗೆ ಗೊತ್ತಿರ್ಲಿಲ್ವೇನಮ್ಮ?" ಎಂದಳು.

ಅಮ್ಮನಿಗೆ ಗೊತ್ತಿರಲಿಲ್ಲ. ಹಾಗೆಂದು ನಂಬುವವರು ಆ ಬಾವಿಕಟ್ಟೆಯಲ್ಲಿ ಒಬ್ಬರೂ ಇರಲಿಲ್ಲ.